ಹನ್ನೊಂದು ಕಣ್ಣುಗಳ ಡಾಕ್ಟರಮ್ಮ

ಸೋಮವಾರ, ಒಂಬತ್ತನೇ ತಾರೀಕು

ಅಖಿಲ ಗೃಹಮಂಡಲದ ಜ್ಯೇಷ್ಠ ಪುತ್ರಿಯೂ, ಬಚ್ಚಲಮನೆಯ ಬಾಗಿಲು ಬಡಿಯುವುದರಲ್ಲಿ ಅಪ್ರತಿಮ ವೀರೆಯೂ, ನನ್ನ ಕಿವಿ ಹಿಂಡಲು ಜನ್ಮಸಿದ್ಧ ಹಕ್ಕು ಪಡೆದವಳೂ ಆದ ಅಕ್ಕನವರ ಸನ್ನಿಧಾನಕ್ಕೆ, ಒಬ್ಬಳೇ ತಂಗಿಯಾದ ತರಲೆಯ ವಿನಮ್ರ ವಿಜ್ಞಾಪನೆ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತದ್ದಕ್ಕೆ ಕ್ಷಮೆ ಇರಲಿ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ. ಕಣ್ಣು ಹೋದಷ್ಟೂ ಕಿವಿ ಚುರುಕಾಗಿದೆ.

ಹೌದಕ್ಕ, ಕಣ್ಣು ಹೋಗುತ್ತಿದೆ. ಹೋದ ತಿಂಗಳು ಅಪ್ಪ ಕ್ರೇನಿನಿಂದ ಇಳಿಸಿದ ಪೆಟ್ಟಿಗೆ ಲಾರಿಯ ಬದಲು ತೂಕದ ಶೆಡ್ಡಿನ ಮೇಲೆ ಕೂತಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಅಂದಿನಿಂದ ರಜೆಯಲ್ಲಿದ್ದಾರೆ. ಎಡಗಣ್ಣಿಗೆ ಬೆಳಕು ಮಾತ್ರ ಗೊತ್ತಾಗುತ್ತದೆ. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ, ನಡುವೆ ಒಂದಿಷ್ಟು. ಉಳಿಸಿಕೊಳ್ಳಬೇಕಾದದ್ದು ಆ ಒಂದಿಷ್ಟನ್ನು.

ಡಾಕ್ಟರನ್ನು ಆರಿಸುವ ಘನಕಾರ್ಯಕ್ಕೆ ನನ್ನನ್ನು ನಾನೇ ನೇಮಿಸಿಕೊಂಡೆ. ಇಬ್ಬರು ಡಾಕ್ಟರ ಹತ್ತಿರ ಹೋದೆವು. ಇಬ್ಬರಿಗೂ ಒಂದೇ ಪ್ರಶ್ನೆ: ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ?

ಮೊದಲನೆಯವರದು ಗಾಜಿನ ಕಟ್ಟಡ, ಮೀನಿನ ತೊಟ್ಟಿ, ತಣ್ಣನೆ ಗಾಳಿ. ಡಾಕ್ಟರು ನಿನ್ನ ವಯಸ್ಸಿನವರಿರಬೇಕು. ಉತ್ತರದ ಬದಲು ಬಣ್ಣದ ಪುಸ್ತಿಕೆ ಕೊಟ್ಟರು. ಕಣ್ಣಿಗೊಮ್ಮೆ ಟಾರ್ಚ್ ಬಿಟ್ಟು, ಅಪ್ಪನ ಕಂಪನಿಯ ತಪಾಸಣೆ ಚೀಟಿಗಳನ್ನು ತಿರುವಿ, "ಹೋದ ವರ್ಷದವರೆಗೂ ನೋಟ ಪಕ್ಕಾ ಇದೆ. ಪೊರೆ ಬಂದಿದೆ ಅಷ್ಟೆ. ಹತ್ತೊಂಬತ್ತಕ್ಕೆ ತೆಗೆದುಬಿಡೋಣ, ಮೊದಲಿನ ಹಾಗೆ ಕಾಣ್ಸುತ್ತೆ" ಅಂದರು. ಅಪ್ಪನ ಮುಖ ಅರಳಿತು.

ಎರಡನೆಯವರು ಪುಸ್ತಕದಂಗಡಿಯ ಮೇಲಿನ ಮಹಡಿಯ ಡಾಕ್ಟರಮ್ಮ. ಮೂವತ್ತು ವರ್ಷದಿಂದ ಕಣ್ಣಿನ ಒತ್ತಡದ ಕಾಯಿಲೆಯೊಂದನ್ನೇ ನೋಡುತ್ತಿದ್ದಾರೆ. ಅಲ್ಲಿನ ಬೆಂಚಿಗೆ ಮೂರೇ ಕಾಲು, ನಾಲ್ಕನೆಯದು ಇಟ್ಟಿಗೆ.

"ಮಾಡಿದ್ದು ಲೆಕ್ಕ ಇಟ್ಟಿಲ್ಲಮ್ಮ," ಅಂದರು. "ಕೆಟ್ಟದ್ದು ಹನ್ನೊಂದು ಕಣ್ಣು. ಯಾರ್ಯಾರದು ಅಂತ ಹೇಳ್ಲಾ?"

ನನ್ನ ಕೀಟಲೆ ಅಲ್ಲೇ ನಿಂತಿತು.

ಅಪ್ಪನನ್ನು ಬೋರ್ಡಿನ ಎದುರು ಕೂರಿಸಿದರು. ಅಪ್ಪ ದೊಡ್ಡಕ್ಷರದಿಂದ ಸಣ್ಣಕ್ಷರದವರೆಗೆ ಗಡಗಡ ಓದಿದರು, ಎಲ್ಲೂ ತಡವರಿಸಲಿಲ್ಲ. ಬೋರ್ಡಿನ ಮೇಲೆ ಇದ್ದದ್ದು ಬರೀ ಅಂಕಿಗಳು.

"ಯಜಮಾನ್ರೇ, ನೀವು ಓದಿದ್ದು ಬೇರೆ ಯಾವ್ದೋ ಬೋರ್ಡು. ಎಷ್ಟು ವರ್ಷದಿಂದ ಬಾಯಿಪಾಠ?"

ಅಪ್ಪ ಮೂರು ಬೆರಳು ತೋರಿಸಿದರು.

ಒಳಗಿನ ನರ ಅಷ್ಟು ದಿನದಿಂದ ಒಣಗುತ್ತಾ ಬಂದಿದೆಯಂತೆ. "ಬರೀ ಪೊರೆ ತೆಗೆದು ಸುಮ್ನಾದ್ರೆ ಇದೂ ಆರಿಹೋಗುತ್ತೆ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳ್ಸೋಕೆ ನೋಡ್ತೀನಿ, ಖಾತ್ರಿ ಕೊಡಲ್ಲ. ಹದಿನಾರಕ್ಕೆ ಬಂದ್ಬಿಡಿ, ತಡ ಮಾಡ್ಬೇಡಿ."

ಮೆಟ್ಟಿಲಿಳಿಯುವಾಗ ಅಪ್ಪ ನನ್ನ ತೋಳು ಹಿಡಿದಿದ್ದರು. "ಒಬ್ರು ಕಣ್ಣು ವಾಪಸ್ ಕೊಡ್ತೀನಿ ಅಂತಾರೆ, ಇನ್ನೊಬ್ರು ಹನ್ನೊಂದು ಕೆಡಿಸಿದೀನಿ ಅಂತಾರೆ. ಯಾರ ಹತ್ರ ಹೋಗ್ಲಿ, ನೀನೇ ಹೇಳು."

"ಕೆಡಿಸಿದವರ ಹತ್ರ," ಅಂದೆ.

ಅಪ್ಪ ನಕ್ಕುಬಿಟ್ಟರು. ಹಿಂದೆಯೇ ಇಳಿಯುತ್ತಿದ್ದ ಅಮ್ಮ, "ಇದ್ರಲ್ಲೂ ನಿನ್ನ ತಮಾಷೆನಾ?" ಎಂದು ತಲೆಗೆ ಮೊಟಕಿದಳು. ಹತ್ತೊಂಬತ್ತಕ್ಕೆ ಗಾಜಿನ ಕಟ್ಟಡವೇ ಅಂತ ಮನೆಯಲ್ಲಿ ತೀರ್ಮಾನವಾಗಿದೆ.

ಕೆಡಿಸಿದ್ದನ್ನು ನೆನಪಿಟ್ಟುಕೊಂಡವರೇ ಜೋಪಾನವಾಗಿ ಕೆಲಸ ಮಾಡುತ್ತಾರೆ ಅಂತ ಅಳುತ್ತಾ ಹೇಳಿದೆ. ಸುಳ್ಳು ಅಳು ಇಷ್ಟು ವರ್ಷ ಅತ್ತಿದ್ದೇನಲ್ಲ, ಇದನ್ನೂ ಯಾರೂ ನಂಬಲಿಲ್ಲ. ನಿನ್ನ ಮಾತಾದರೆ ಕೇಳುತ್ತಾರೆ. ಸಿಕ್ಕ ಬಸ್ಸು ಹತ್ತಿ ಬಾ ಅಕ್ಕ, ಹದಿನಾರರ ಒಳಗೆ ಬಾ. ನನಗೆ ಬೇರೆ ದಾರಿ ತೋಚುತ್ತಿಲ್ಲ.

ಚಿಕ್ಕವಳಾದರೂ ಆಶೀರ್ವದಿಸುತ್ತೇನೆ: ಕಿಟಕಿ ಪಕ್ಕದ ಸೀಟು ಸಿಗಲಿ, ನಡುದಾರಿಯಲ್ಲಿ ಬಸ್ಸು ಕೆಡದಿರಲಿ.

ನಿನ್ನ
ತರಲೆ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ಬಾಯಿಪಾಠ ಮಾಡಿಸಿದವಳು ನಾನು. ಮೂರು ವರ್ಷದ ಹಿಂದೆ ಅಪ್ಪ, "ಒಳ್ಳೆ ಕಣ್ಣಿನ ಡಾಕ್ಟ್ರು ಯಾರಿದ್ದಾರೆ, ವಿಚಾರಿಸೇ ಪುಟ್ಟಿ" ಅಂದಿದ್ದರು. ನಾನು ಅದರ ಬದಲು ಕಂಪನಿಯಲ್ಲಿ ಕಣ್ಣು ತಪಾಸಣೆ ಮಾಡುವ ಬೋರ್ಡಿನ ಫೋಟೊ ತೆಗೆದು ತಂದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಡಾಕ್ಟರನ್ನು ವಿಚಾರಿಸಲೇ ಇಲ್ಲ.