ಹಕ್ಕಿ ಬಿಟ್ಟ ಜಾಗ

ಪಿಚಿಂಚಾ ಬೆಟ್ಟದ ತಪ್ಪಲು

ದೋನ್ ಎಲಿಯಾಸರ್ ಅವರಿಗೆ, ಬೇಲಿಯಾಚೆಯ ರೊಸಾಲ್ಬಾಳ ನಮಸ್ಕಾರಗಳು.

ಬಿದಿರುಮೆಳೆಯನ್ನು ಕಡಿಯದೆ ಉಳಿಸಿದಿರಿ, ದೊಡ್ಡ ಉಪಕಾರವಾಯಿತು. ಅಂದು ಕೊಟ್ಟಿಗೆಯ ಗೋಡೆಗೆಂದು ಮಚ್ಚು ಹಿಡಿದು ಬಂದವರು, ಮೆಳೆಯೊಳಗಿನ ಕಂದು ಹಕ್ಕಿ ತಡೆತಡೆದು ಹಾಡುವುದನ್ನೂ ನಾನು ನಡುನಡುವೆ ಶಿಳ್ಳೆ ಹಾಕುವುದನ್ನೂ ಕೇಳಿ ನಕ್ಕಿರಿ.

"ಹಕ್ಕಿಗೇ ಸಂಗೀತ ಪಾಠ ಶುರುಮಾಡಿದ್ಯೇನಮ್ಮಾ?"

"ಇಷ್ಟು ವರ್ಷ ಒಂದೇ ಹಕ್ಕಿ ಅಂದ್ಕೊಂಡಿದ್ವಿ ದೋನ್. ಗಂಡು ಹೆಣ್ಣು ಸೇರಿ ಒಂದೇ ಹಾಡು ಹಾಡ್ತಿದ್ವು. ಗಂಡನ್ನ ಗಿಡುಗ ಹೊತ್ಕೊಂಡು ಹೋಯ್ತು. ಇದು ಅದರ ಪಾಲಿನ ಜಾಗ ಬಿಟ್ಕೊಂಡೇ ಹಾಡ್ತಿದೆ" ಎಂದೆ.

ನೀವು ಮಚ್ಚನ್ನು ಒರೆಗೆ ಸೇರಿಸಿದಿರಿ. ನಮ್ಮ ಯಜಮಾನರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ನೀವು. ನಿಮಗೆ ಹೆಚ್ಚು ಹೇಳಬೇಕಾಗಲಿಲ್ಲ.

ಮೊನ್ನೆ ಮೆಳೆಗೆ ಹೊಸ ಗಂಡು ಬಂದಿದೆ. ಮೊದಲು ತಪ್ಪುತ್ತಿತ್ತು, ಇವತ್ತು ಬೆಳಿಗ್ಗೆ ಹಾಡು ಇಡಿಯಾಗಿ ಕೇಳಿಸಿತು. ನನ್ನ ಶಿಳ್ಳೆಗೆ ಜಾಗವೇ ಇರಲಿಲ್ಲ.

ಇವು ಗೂಡು ಕಟ್ಟಿ, ಮರಿಗಳು ಹಾರಿಹೋದ ಮೇಲೆ ಅಂಚಿನ ಬಿದಿರನ್ನು ಧಾರಾಳವಾಗಿ ಕಡಿದುಕೊಳ್ಳಿ. ಎಳೆ ಜೋಳ ಅರೆದು ಎಲೆಯಲ್ಲಿ ಬೇಯಿಸಿದ್ದನ್ನು ಇದರ ಜೊತೆ ಕಳಿಸಿದ್ದೇನೆ, ಬಿಸಿಯಿರುವಾಗಲೇ ತಿನ್ನಿ.

ನಾನಿನ್ನೂ ಎರಡು ಲೋಟ ಕಾಫಿಯನ್ನೇ ಸೋಸುತ್ತೇನೆ. ಹಾದು ಹೋಗುವಾಗ ಒಳಗೆ ಬಂದು ಕುಡಿದು ಹೋಗಿ.

ನಿಮ್ಮ ಉಪಕಾರ ಮರೆಯದ,
ರೊಸಾಲ್ಬಾ ಚಿಕೈಸಾ