ಚಹಾ ಗೂಡಿನ ಪಕ್ಕದ ಬೇಲಿ

ಥಾರ್ನ್‌ಶಾ ವೆಲ್‌ಫೇರ್ ಫುಟ್‌ಬಾಲ್ ಕ್ಲಬ್ಬಿನ ಸುರಕ್ಷತಾ ಅಧಿಕಾರಿಗಳಿಗೆ,

ಮಾನ್ಯರೇ,

"ನಿಂತಲ್ಲೇ ನಿಂತವರಿಗೆ ಅರ್ಧವೇ ಆಕಾಶ" ಎಂದು ಶಾಲೆಯಲ್ಲಿ ಓದಿದ ಒಂದು ಸಾಲು ಕೆಲವು ವಾರಗಳಿಂದ ನನ್ನ ಬೆನ್ನು ಹತ್ತಿದೆ. ಆಕಾಶವೋ ಬಯಲೋ ಸರಿಯಾಗಿ ನೆನಪಿಲ್ಲ. ಬರೆದವರು ಯಾರೆಂಬುದೂ ನೆನಪಿಲ್ಲ. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು ಹೀಗೆ ಮರೆಯಬಾರದು, ಮರೆತಿದ್ದೇನೆ. ಆ ಸಾಲಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಮರ ನಿಂತಲ್ಲೇ ನಿಲ್ಲುತ್ತದೆ, ಅದಕ್ಕೆ ಆಕಾಶ ಕಡಿಮೆಯಾದದ್ದುಂಟೇ? ಆದರೆ ಕಳೆದ ಆಗಸ್ಟ್‌ನಲ್ಲಿ ತಾವು ನಮ್ಮ ಮೈದಾನದ ಚಹಾ ಗೂಡಿನ ಪಕ್ಕದಲ್ಲಿ ಆಳೆತ್ತರ ಮೀರಿದ ಕಬ್ಬಿಣದ ಜಾಲರಿ ಬೇಲಿ ನಿಲ್ಲಿಸಿದಿರಿ. ಮಧ್ಯವಿರಾಮದಲ್ಲಿ ಪ್ರೇಕ್ಷಕರು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಕೂಡದೆಂದು ಆಜ್ಞೆ ಹೊರಡಿಸಿದಿರಿ. ಅಂದಿನಿಂದ ಆ ಸಾಲು ಅಕ್ಷರಶಃ ನಿಜವಾಗಿದೆ. ಕವಿತೆಯೊಂದನ್ನು ಕಾರ್ಯರೂಪಕ್ಕೆ ತಂದ ಮೊದಲ ಸುರಕ್ಷತಾ ಅಧಿಕಾರಿ ತಾವೇ ಇರಬೇಕು. ಅಭಿನಂದನೆಗಳು. ಈಗ ದಯವಿಟ್ಟು ಆ ಬೇಲಿಗೊಂದು ಬಾಗಿಲು ಮಾಡಿಸಿ.

ತಾವು ದೊಡ್ಡ ನಗರದ ದೊಡ್ಡ ಕ್ರೀಡಾಂಗಣದಿಂದ ಬಂದವರು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಕುರ್ಚಿ, ಕುರ್ಚಿಗೊಂದು ಸಂಖ್ಯೆ. ಆಟ ಮುಗಿಯುವವರೆಗೆ ಅಲ್ಲೇ ಕೂರುವುದು ಸಭ್ಯತೆ. ನಮ್ಮದು ಏಳನೇ ದರ್ಜೆಯ ಲೀಗು. ಇಲ್ಲಿ ಗೋಲಿನ ಹಿಂದೆ ಕುರ್ಚಿಯಿಲ್ಲ, ಕಾಂಕ್ರೀಟಿನ ಮೆಟ್ಟಿಲುಗಳಿವೆ. ನಮ್ಮ ತಂಡ ಯಾವ ಗೋಲಿನ ಮೇಲೆ ದಾಳಿ ಮಾಡುತ್ತದೋ ಅದರ ಹಿಂದೆ ನಾವು ನಿಲ್ಲುತ್ತೇವೆ. ಒಂದು ತುದಿಗೆ ಗಣಿ ಕಡೆ, ಇನ್ನೊಂದಕ್ಕೆ ಚರ್ಚ್ ಕಡೆ ಎಂದು ಹೆಸರು; ಮೊದಲರ್ಧ ಗಣಿ ಕಡೆ ಇದ್ದರೆ ದ್ವಿತೀಯಾರ್ಧ ಚರ್ಚ್ ಕಡೆ. ಮಧ್ಯವಿರಾಮದಲ್ಲಿ ಆಟಗಾರರು ಬದಿ ಬದಲಿಸುತ್ತಾರೆ, ಅವರ ಜೊತೆ ಊರೂ ಬದಿ ಬದಲಿಸುತ್ತದೆ. ಮುನ್ನೂರು ಜನ ಅಂಚುಗೆರೆಯ ಪಕ್ಕದ ಕಿರುದಾರಿಯಲ್ಲಿ ನಡೆದು ಹೋಗುತ್ತಾರೆ. ಎದುರಿನಿಂದ ಪರವೂರಿನ ಬೆಂಬಲಿಗರು ಬರುತ್ತಾರೆ, ಅವರಿಗೂ ಇದೇ ಪದ್ಧತಿ. ಚಹಾ ಗೂಡಿನ ಮುಂದೆ ಎರಡು ಸಾಲುಗಳೂ ಒಂದನ್ನೊಂದು ಉಜ್ಜಿಕೊಂಡು ಹಾಯುತ್ತವೆ.

"ನಿಮ್ಮ ಗೋಲ್‌ಕೀಪರ್‌ಗೆ ಒಂದು ಕನ್ನಡಕ ಕೊಡ್ಸ್ರಪ್ಪಾ!"

"ನಿಮ್ಮೋರಿಗೆ ಗೋಲು ಎಲ್ಲಿದೆ ಅಂತ ಮೊದ್ಲು ತೋರ್ಸ್ರೋ. ಕನ್ನಡಕದ ಮಾತು ಆಮೇಲೆ!"

ಇಷ್ಟೇ ನಮ್ಮ ಯುದ್ಧ. ಇದು ನನ್ನ ಅಜ್ಜನ ಕಾಲದಿಂದ ನಡೆದು ಬಂದದ್ದು. ಇದರಿಂದ ಗಾಯಗೊಂಡವರನ್ನು ನಾನು ಕಂಡಿಲ್ಲ, ನಮ್ಮ ಗೋಲ್‌ಕೀಪರನ ಸ್ವಾಭಿಮಾನವೊಂದನ್ನು ಬಿಟ್ಟು.

ಹಾಗಾದರೆ ಬೇಲಿ ಯಾಕೆ? ಕಳೆದ ವಸಂತದ ಕಪ್ ಪಂದ್ಯದಲ್ಲಿ ಎರಡು ಗುಂಪುಗಳ ನಡುವೆ "ಸಂಘರ್ಷ" ನಡೆಯಿತು, "ಬಿಸಿಯಾದ ವಸ್ತುವೊಂದನ್ನು ಎಸೆಯಲಾಯಿತು" ಎಂದು ತಮ್ಮ ಸೂಚನಾ ಫಲಕ ಹೇಳುತ್ತದೆ. ಆ ವಸ್ತು ಒಂದು ಮಾಂಸದ ಪೈ, ಚಹಾ ಗೂಡಿನಲ್ಲಿ ಮಾರುವ ಬಿಸಿ ತಿಂಡಿ. ಅದರ ಮಾಲೀಕ ಗ್ಯಾರಿ ಸಗ್ಡನ್, ನಮ್ಮ ಬಸ್ ಡ್ರೈವರ್. ಎರಡು ಕೈಯಲ್ಲಿ ಎರಡು ಪೈ ಹಿಡಿದು ಹೋಗುವಾಗ ಎಡವಿದ. ಒಂದು ಹಾರಿ ಪರವೂರಿನವರ ಡೋಲಿನ ಮೇಲೆ ಬಿತ್ತು. ಡೋಲು ಬಾರಿಸುವವನು ಅದನ್ನು ಎತ್ತಿ ತಿಂದ. ಜನ ಚಪ್ಪಾಳೆ ತಟ್ಟಿದರು. ಕ್ಲಬ್ಬಿನ ಬಾರಿನಲ್ಲಿ ತಾವು ಕರೆದ ಸಭೆಯಲ್ಲಿ ಗ್ಯಾರಿ ಎದ್ದು ನಿಂತು ಹೇಳಿದ್ದು ತಮಗೆ ನೆನಪಿರಬೇಕು: "ಎಸೆದಿಲ್ಲ ಸ್ವಾಮಿ, ಜಾರ್ತು! ನಾನು ಯಾರ್ಕ್‌ಶೈರ್‌ನವನು. ಕಾಸು ಕೊಟ್ಟು ತಗೊಂಡ ಪೈನ ಯಾರಾದ್ರೂ ಎಸೀತಾರಾ?" ನಮ್ಮ ಸೀಮೆಯ ಜಿಪುಣತನ ಬಲ್ಲ ಇಡೀ ಬಾರು ನಕ್ಕಿತು. ತಾವು ನಗಲಿಲ್ಲ, ಬರೆದುಕೊಂಡಿರಿ. "ಗ್ಯಾರಿನ ಬೇಲಿ ಒಳಗೆ ಹಾಕ್ರಿ, ನಮ್ಮನ್ನ ಬಿಟ್ಬಿಡಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಅದನ್ನೂ ತಾವು ಬರೆದುಕೊಂಡಿರೋ ಏನೋ.

ಸುರಕ್ಷತೆಯನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಈ ದೇಶದಲ್ಲಿ ಫುಟ್‌ಬಾಲ್ ನೋಡಲು ಹೋದವರು ಮನೆಗೆ ಹಿಂದಿರುಗದೇ ಹೋದ ದಿನ ನಾನು ಶಾಲೆಗೆ ಹೋಗುವ ಹುಡುಗಿ. ನಮ್ಮೂರಿನಿಂದ ಬಹಳ ದೂರದಲ್ಲೇನೂ ನಡೆದದ್ದಲ್ಲ ಅದು. ಅಪ್ಪ ಅಡುಗೆಮನೆಯಲ್ಲಿ ರೇಡಿಯೋ ಮುಂದೆ ಟೋಪಿ ತೆಗೆದು ಕೂತಿದ್ದರು. ಅಂದು ಜನ ಸತ್ತದ್ದು ಅತ್ತಿತ್ತ ಓಡಾಡಿದ್ದರಿಂದಲ್ಲ, ಓಡಾಡಲು ದಾರಿಯಿಲ್ಲದೆ ಬೇಲಿಗೆ ಒತ್ತಿಕೊಂಡು. ಆಮೇಲೆ ದೇಶದಾದ್ಯಂತ ಮೈದಾನಗಳ ಬೇಲಿಗಳನ್ನು ಕಿತ್ತರು. ತಾವು ಆ ಪಾಠವನ್ನು ತಿರುಗಾಮುರುಗಾ ಓದಿ, ಬೇಲಿಯೇ ಇಲ್ಲದ ಕಡೆ ಬೇಲಿ ಹಾಕಿ ಅದಕ್ಕೆ ಸುರಕ್ಷತೆ ಎಂದು ಹೆಸರಿಟ್ಟಿರಿ. ಮುನ್ನೂರು ಜನರನ್ನು ಒಬ್ಬರಿಂದೊಬ್ಬರು ಕಾಪಾಡಲು ಹೊರಟಿರಲ್ಲ, ಅವರಲ್ಲಿ ಅರ್ಧಕ್ಕರ್ಧ ಜನ ಒಬ್ಬರಿಗೊಬ್ಬರು ನೆಂಟರು ಎಂಬುದು ತಮಗೆ ಗೊತ್ತೇ?

ನೆಂಟರ ಮಾತು ಬಂತು. ಅದನ್ನು ಹೇಳುವುದಕ್ಕೇ ಈ ಪತ್ರ.

ನನ್ನ ಅಪ್ಪ ವಾಲ್ಟರ್ ಥ್ಯಾಕ್ರೆ. ಗಣಿಯಲ್ಲಿ ಕೆಲಸ ಮಾಡಿದವರು, ಈಗ ಎಂಬತ್ತು ದಾಟಿದೆ. ಅವರಿಗೊಬ್ಬ ತಮ್ಮನಿದ್ದಾರೆ. ಈ ಪತ್ರ ಬರೆಯುತ್ತೇನೆಂದಾಗ ಅಪ್ಪ, "ಬರಿ. ಆದ್ರೆ ನಮ್ಮನೆ ಕಾಗದದಲ್ಲಿ ಅವನ ಹೆಸರು ಬರ್‌ಕೂಡದು" ಎಂದರು. ಹಾಗಾಗಿ ಚಿಕ್ಕಪ್ಪ ಎಂದು ಬರೆಯುತ್ತೇನೆ. ಆ ಪದವನ್ನು ಅಪ್ಪ ನಿಷೇಧಿಸಿಲ್ಲ.

ಸುಮಾರು ನಲವತ್ತು ವರ್ಷಗಳ ಹಿಂದೆ, ಗಣಿ ಕಾರ್ಮಿಕರ ದೊಡ್ಡ ಮುಷ್ಕರದ ಚಳಿಗಾಲ. ಸಂಬಳವಿಲ್ಲ, ಒಲೆಗೆ ಕಲ್ಲಿದ್ದಲಿಲ್ಲ. ಕ್ರಿಸ್‌ಮಸ್ಸಿಗೆ ಮೊದಲು ಚಿಕ್ಕಪ್ಪ ಮುಷ್ಕರ ಮುರಿದು ಕೆಲಸಕ್ಕೆ ಹಿಂದಿರುಗಿದರು. ಅವರ ಮನೆಯಲ್ಲಿ ಎದೆ ಕಟ್ಟಿದ ಕೂಸಿತ್ತು. "ನಮ್ಮನೇಲೂ ಮಗು ಇತ್ತು" ಎಂದು ಅಪ್ಪ ಇಂದಿಗೂ ಹೇಳುತ್ತಾರೆ. ಆ ಮಗು ನಾನು. ಕೆಲಸಕ್ಕೆ ಹೋಗುವವರನ್ನು ಕಿಟಕಿಗೆ ಜಾಲರಿ ಬಡಿದ ಬಸ್ಸಿನಲ್ಲಿ, ಪೊಲೀಸರ ನಡುವೆ, ಗಣಿಯ ಗೇಟಿನೊಳಗೆ ಕರೆದೊಯ್ಯುತ್ತಿದ್ದರು. ಗೇಟಿನ ಹೊರಗೆ ನಿಂತು ಕೂಗುತ್ತಿದ್ದವರಲ್ಲಿ ಅಪ್ಪನೂ ಇದ್ದರು. ಬಸ್ಸು ಹಾಯುವಾಗ ಜಾಲರಿಯ ಹಿಂದೆ ತಮ್ಮನ ಮುಖ ಕಂಡಿತು. ಅಪ್ಪ ಕೂಗುವುದನ್ನು ನಿಲ್ಲಿಸಲಿಲ್ಲ. ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತು. ಎರಡು ಬೀದಿ ಆಚೆ ಮನೆ; ಒಂದೇ ಅಂಗಡಿ, ಒಂದೇ ಚರ್ಚು, ಒಂದೇ ಸ್ಮಶಾನ. ಅಜ್ಜಿಯ ಶವಪೆಟ್ಟಿಗೆಯನ್ನು ಎದುರುಬದುರು ಹೊತ್ತರು, ಮಾತಾಡಲಿಲ್ಲ. ಹೊರಗಿನವರಿಗೆ ಇದು ಹಟ ಎನಿಸಬಹುದು. ಥಾರ್ನ್‌ಶಾದಲ್ಲಿ ಹುಟ್ಟಿದವರು ಇದಕ್ಕೆ ವಿವರಣೆ ಕೇಳುವುದಿಲ್ಲ.

ಆದರೆ ಫುಟ್‌ಬಾಲ್ ಇತ್ತು. ಇಬ್ಬರೂ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಗೋಲಿನ ಹಿಂದೆ ಅಪ್ಪ ಕಂಬದ ಬಲಕ್ಕೆ ನಿಂತರೆ ಚಿಕ್ಕಪ್ಪ ದೂರ ಎಡಕ್ಕೆ. ಗಣಿ ಮುಚ್ಚಿದ ಮೇಲಿನ ಒಂದು ಶನಿವಾರ, ಮಧ್ಯವಿರಾಮದ ನಡಿಗೆಯಲ್ಲಿ, ಚಹಾ ಗೂಡಿನ ಬಳಿ ದಾರಿ ಕಿರಿದಾಗುವಲ್ಲಿ, ಹಿಂದಿನವರ ನೂಕಿಗೆ ಅಣ್ಣ ತಮ್ಮ ಪಕ್ಕಪಕ್ಕಕ್ಕೆ ಬಂದುಬಿಟ್ಟರು. ಮುಂದೆ ಹೋಗುವಂತಿಲ್ಲ, ಹಿಂದೆ ಉಳಿಯುವಂತಿಲ್ಲ. ನಾನು ಅವರ ಬೆನ್ನ ಹಿಂದೆಯೇ ಇದ್ದೆ. ಚಿಕ್ಕಪ್ಪ ನೆಲ ನೋಡುತ್ತಾ, "ಆ ಲೆಫ್ಟ್ ಬ್ಯಾಕ್ ನಿದ್ದೆ ಹೊಡೀತಾವ್ನೆ" ಎಂದರು. ಯಾರಿಗೆ ಹೇಳಿದರೆಂದು ಗೊತ್ತಾಗುವಂತಿರಲಿಲ್ಲ. ಅಪ್ಪ ಸ್ವಲ್ಪ ದೂರ ನಡೆದು, "ಅವನು ಎದ್ದಿದ್ದು ಯಾವಾಗ?" ಎಂದರು. ಅಷ್ಟೇ. ಚರ್ಚ್ ಕಡೆ ತಲುಪಿದ ಮೇಲೆ ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ.

ಮುಂದಿನ ಪಂದ್ಯದಲ್ಲಿ ಮತ್ತೆ ಹಾಗೇ ಆಯಿತು. ಆಮೇಲೆ ಪ್ರತಿ ಸಲವೂ. ಯಾರೂ ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಆದರೂ ಚಹಾ ಗೂಡಿನ ಹತ್ತಿರ ಬರುವಷ್ಟರಲ್ಲಿ ಜೊತೆಗಿರುತ್ತಿದ್ದರು. ಊರಿನವರು ಏನೂ ಕಂಡಿಲ್ಲವೆಂಬಂತೆ ಸ್ವಲ್ಪ ಜಾಗ ಬಿಡುತ್ತಿದ್ದರು. ಮಾತೆಲ್ಲ ಆಟದ್ದೇ: ರೆಫರಿ ಕುರುಡ, ಹೊಸ ಹುಡುಗನಿಗೆ ಕಾಲಿದೆ ತಲೆಯಿಲ್ಲ, ಮ್ಯಾನೇಜರ್ ಮನೆಗೆ ಹೋಗೋದು ವಾಸಿ. ಇಬ್ಬರೂ ತಂತಮ್ಮ ಚಹಾ ತಾವೇ ಕೊಳ್ಳುತ್ತಿದ್ದರು. ನನ್ನ ಅಮ್ಮ ತೀರಿಕೊಂಡ ವಾರ ಮಾತ್ರ ಚಿಕ್ಕಪ್ಪ ಎರಡು ಚಹಾ ತೆಗೆದುಕೊಂಡು ಒಂದನ್ನು ಅಪ್ಪನ ಕಡೆ ಚಾಚಿದರು. ಅಪ್ಪ ತೆಗೆದುಕೊಂಡು ಕುಡಿದರು. ಅಂದು ಇಬ್ಬರೂ ಫುಟ್‌ಬಾಲ್ ಸುದ್ದಿಯನ್ನೂ ಎತ್ತಲಿಲ್ಲ, ಸುಮ್ಮನೆ ನಡೆದರು. ಶೋಕಗೀತೆಗಳನ್ನು ನಾನು ಸಾಕಷ್ಟು ಓದಿದ್ದೇನೆ. ಆ ನಡಿಗೆಯಷ್ಟು ಚಿಕ್ಕದು, ಅಷ್ಟು ಪೂರ್ತಿಯಾದದ್ದು ಇನ್ನೊಂದನ್ನು ಓದಿಲ್ಲ.

ಈಗ ತಮ್ಮ ವ್ಯವಸ್ಥೆಗೆ ಬರೋಣ. ಯಾರ ಮನೆ ಯಾವ ಗೇಟಿಗೆ ಹತ್ತಿರವೋ ಅವರಿಗೆ ಆ ಕಡೆ. ಅಪ್ಪನ ಸೀಸನ್ ಟಿಕೆಟ್ ಮೇಲೆ ಗಣಿ ಕಡೆ ಎಂದು ಅಚ್ಚಾಗಿ ಬಂತು, ಚಿಕ್ಕಪ್ಪನದರ ಮೇಲೆ ಚರ್ಚ್ ಕಡೆ. ಬೇಲಿ ನೇರವಾಗಿ ಚಹಾ ಗೂಡಿನ ಗೋಡೆಗೆ ಬಂದು ತಾಗುತ್ತದೆ. ಯಾರಿಗೂ ಅನ್ಯಾಯವಾಗದಿರಲೆಂದು ತಾವು ಗೂಡಿಗೆ ಇನ್ನೊಂದು ಕಿಟಕಿ ಕೊರೆಸಿದಿರಿ, ಆ ಕಡೆಗೊಂದು, ಈ ಕಡೆಗೊಂದು. ಚಹಾಕ್ಕೆ ಎರಡೂ ಕಡೆ ದಾರಿಯಿದೆ, ಮನುಷ್ಯರಿಗೆ ಇಲ್ಲ. ಇದನ್ನು ಯೋಜಿಸಿದ ತಲೆಗೆ ನನ್ನ ನಮಸ್ಕಾರ.

ಆಗಸ್ಟ್‌ನ ಮೊದಲ ಪಂದ್ಯದ ವಿರಾಮದಲ್ಲಿ ಅಪ್ಪ ಅಭ್ಯಾಸಬಲದಿಂದ ಬೇಲಿಯವರೆಗೆ ನಡೆದರು. ಆ ಕಡೆಯಿಂದ ಚಿಕ್ಕಪ್ಪನೂ ಬಂದರು. ಇಬ್ಬರೂ ನಿಂತರು. "ತಾತ, ದಾರಿಗೆ ಅಡ್ಡ ನಿಲ್ಬೇಡಿ, ಸರೀರಿ" ಎಂದ ತಮ್ಮ ಕಾವಲಿನವನು. ಯಾವ ದಾರಿಗೆ ಅಡ್ಡವೋ ಅವನಿಗೇ ಗೊತ್ತು. ಅಪ್ಪ ತಿರುಗಿ ಬಂದರು. ಮನೆಯಲ್ಲಿ ಕೋಟು ತೂಗುಹಾಕುತ್ತಾ, "ಮತ್ತೆ ಜಾಲರಿ ಹಿಂದೆ ಕಂಡ ಕಣೆ ಅವನು" ಎಂದರು.

ನಾನು ತಮ್ಮ ಕಚೇರಿಗೆ ಬಂದೆ. ತಾವು ಸೌಜನ್ಯದಿಂದಲೇ ಕೂರಿಸಿ, "ಒಂದು ಅರ್ಜಿ ಕೊಡಿ, ಇಬ್ಬರನ್ನೂ ಒಂದೇ ಕಡೆಗೆ ಹಾಕಿಕೊಡೋಣ" ಎಂದಿರಿ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ.

"ಅವನ ಜೊತೆ ನಿಲ್ಬೇಕು ಅಂತ ನಾನು ಅರ್ಜಿ ಹಾಕ್ಲಾ? ಸತ್ತೋದ ನನ್ನ ಜೊತೆಗಾರರಿಗೆ ಏನು ಹೇಳ್ಲಿ?"

"ಇಷ್ಟು ವರ್ಷ ಜೊತೇಲಿ ನಡೆದ್ಯಲ್ಲಪ್ಪಾ?"

"ನಾನೆಲ್ಲಿ ನಡೆದೆ? ಎಲ್ಲಾರೂ ನಡೀತಿದ್ರು."

ಮಾನ್ಯರೇ, ತಮ್ಮ ಬೇಲಿ ಕಿತ್ತುಕೊಂಡದ್ದು ಇದನ್ನು. ನಿಲ್ಲುವುದು ಆಯ್ಕೆ, ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ. ಎಲ್ಲರ ಜೊತೆ ನಡೆಯುವುದು ಯಾರ ಆಯ್ಕೆಯೂ ಅಲ್ಲ. ಕ್ಷಮಿಸಲೂ ಆಗದ, ಬಿಡಲೂ ಆಗದ ಇಬ್ಬರು ಮುದುಕರಿಗೆ ಈ ಊರು ಕೊಟ್ಟಿದ್ದ ಒಂದೇ ಒಂದು ನೆಪ ಅದು. ಅಂಥ ನೆಪಕ್ಕೆ ಅರ್ಜಿ ಬರೆಯುವುದು ಹೇಗೆ? ತಮ್ಮ ಕಚೇರಿಯಲ್ಲಿ ಅದಕ್ಕೊಂದು ನಮೂನೆ ಇದೆಯೇ? ಇದ್ದರೂ ಅದಕ್ಕೆ ಸಹಿ ಹಾಕಿದ ಕ್ಷಣವೇ ಅದು ನೆಪವಾಗಿ ಉಳಿಯುವುದಿಲ್ಲ.

ಅಪ್ಪನ ಎದೆಯಲ್ಲಿ ಗಣಿಯ ದೂಳಿದೆ. ಈ ಶರತ್ಕಾಲದಲ್ಲಿ ಉಸಿರು ಹೆಚ್ಚು ಕಷ್ಟವಾಗಿದೆ. ಮುಂದಿನ ಸೀಸನ್ನಿನ ಟಿಕೆಟ್ ಬಗ್ಗೆ ಕೇಳಿದಾಗ ಡಾಕ್ಟರ್ ಕಿಟಕಿಯ ಕಡೆ ನೋಡಿದರು. ಕಳೆದ ಕೆಲವು ಪಂದ್ಯಗಳಿಗೆ ಅಪ್ಪ ಹೋಗಿಲ್ಲ. ಚಳಿ ಎನ್ನುತ್ತಾರೆ. ಇದಕ್ಕಿಂತ ಕೆಟ್ಟ ಚಳಿಯಲ್ಲಿ, ಇದಕ್ಕಿಂತ ಕೆಟ್ಟ ತಂಡವನ್ನು ನೋಡಲು ಹೋದವರು ಅವರು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವ ಶಕ್ತಿ ಇನ್ನೂ ಇದೆ, ನಿಧಾನವಾಗಿ, ನಡುವೆ ಒಮ್ಮೆ ನಿಂತು. ಅದು ಎಲ್ಲಿಯವರೆಗೆ ಇರುತ್ತದೆಂದು ನಾನು ಹೇಳಲಾರೆ, ತಾವೂ ಹೇಳಲಾರಿರಿ.

ಆದ್ದರಿಂದ ನನ್ನ ಬೇಡಿಕೆ ಇದು. ಬೇಲಿ ಇರಲಿ, ತಮ್ಮ ವರದಿಗೆ ಅದು ಬೇಕಿದ್ದರೆ. ಅದರಲ್ಲೊಂದು ಗೇಟು ಮಾಡಿಸಿ, ಮಧ್ಯವಿರಾಮದಲ್ಲಿ ತೆರೆಯಿರಿ. ಹೆಚ್ಚು ಜನ ಸೇರುವ ಕಪ್ ಪಂದ್ಯಗಳಿಗೆ ಬೇಕಿದ್ದರೆ ಮುಚ್ಚಿಕೊಳ್ಳಿ, ಸಾಮಾನ್ಯ ಶನಿವಾರಗಳನ್ನು ನಮಗೆ ಬಿಡಿ. ಕಾವಲಿಗೆ ಜನ ಸಾಲದಿದ್ದರೆ ನಾವು ಬೆಂಬಲಿಗರು ಸರದಿಯ ಮೇಲೆ ನಿಲ್ಲುತ್ತೇವೆ. ಗ್ಯಾರಿ ಸಗ್ಡನ್ ಕೈಯಲ್ಲಿ ಪೈ ಹಿಡಿದು ಆ ಗೇಟು ದಾಟುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಇಡೀ ಊರಿಗೆ ತೆರೆಯಿರಿ. ದಯವಿಟ್ಟು ಇಬ್ಬರಿಗಾಗಿ ವಿಶೇಷ ಅನುಮತಿ ಎಂದು ಮಾತ್ರ ತೆರೆಯಬೇಡಿ. ಹಾಗೆ ಮಾಡಿದರೆ ಇಬ್ಬರೂ ಬರುವುದಿಲ್ಲ. ಡಿಸೆಂಬರ್ ಹತ್ತಿರ ಬಂತು, ಕ್ರಿಸ್‌ಮಸ್ ಮರುದಿನದ ಪಂದ್ಯ ನಮ್ಮ ಮೈದಾನದಲ್ಲೇ ಇದೆ. ಅಷ್ಟರೊಳಗೆ ಆಗಬೇಕು.

ಇಂತಿ,
ಪೂರ್ತಿ ಟಿಕೆಟ್ ಕೊಂಡು ಅರ್ಧ ಮೈದಾನ ನೋಡುತ್ತಿರುವ,
ಹಿಲರಿ ಥ್ಯಾಕ್ರೆ
ಗಣಿ ಕಡೆ, ತಮ್ಮ ಅಪ್ಪಣೆಯಂತೆ

ತಾ.ಕ.: ಊರೆಲ್ಲ ಓದಲೆಂದು ಇದರ ಪ್ರತಿಯೊಂದನ್ನು ಸ್ಥಳೀಯ ಪತ್ರಿಕೆಯ ಕಚೇರಿಗೂ ಕೊಡಲು ಹೊರಟಾಗ ಪಕ್ಕದ ಮನೆಯ ಬೆರಿಲ್ ಬಾಗಿಲಲ್ಲಿ ಸಿಕ್ಕಳು. ಚಹಾ ಗೂಡು ನಡೆಸುವವಳು ಅವಳೇ. ಈಗ ಈ ಊರಿನಲ್ಲಿ ಎರಡೂ ಕಡೆ ಮುಖ ತೋರಿಸಬಲ್ಲವಳು ಅವಳೊಬ್ಬಳೇ. ಒಳಗೆ ಬಾ ಎಂದರೂ ಬರಲಿಲ್ಲ. ಅಪ್ಪನಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದಳು:

"ಶನಿವಾರ ನಿಮ್ಮ ಚಿಕ್ಕಪ್ಪ ಆ ಕಡೆ ಕಿಟಕೀಗೆ ಬಂದಿದ್ರು ಕಣೆ. ಎರಡು ಟೀ ತಗೊಂಡು, ಒಂದನ್ನ ಈ ಕಡೆ ಕಿಟಕೀಲಿ ಇಡು ಅಂದ್ರು. 'ಅವ್ರು ಬಂದಿಲ್ಲ, ಆರಿ ಹೋಗತ್ತೆ' ಅಂದೆ. 'ಹುಷಾರಿಲ್ವಾ?' ಅಂದ್ರು. 'ಎರಡು ಬೀದಿ ಆಚೆ ಮನೆ, ಹೋಗಿ ನೀವೇ ಕೇಳ್ಬಾರ್ದಾ?' ಅಂದೆ. ಟೀ ನೋಡ್ತಾ ನಿಂತ್ಕೊಂಡ್ರು. ಆಮೇಲೆ, 'ಹೆಂಗೆ ಕೇಳ್ಲಿ ಬೆರಿಲ್, ಈಗ ಹಾಫ್‌ಟೈಮೇ ಬರಲ್ವಲ್ಲ' ಅಂದ್ರು."