ಮದುವೆಯ ಫೋಲ್ಡರ್

ಅಲ್ ಮನ್ಸೂರಾ, ದೋಹಾ
೧೪ ನವೆಂಬರ್ ೨೦೨೪

ಪ್ರೀತಿಯ ತಂಗಿ ಶಹನಾ,

ಅಸ್ಸಲಾಮು ಅಲೈಕುಂ. ನಿನ್ನ ಬೆನ್ನುನೋವು ಕಡಿಮೆಯಾಯಿತೇ? ಉಮ್ಮ ಸಕ್ಕರೆಯ ಮಾತ್ರೆ ಮರೆಯದೆ ತೆಗೆದುಕೊಳ್ಳುತ್ತಾರೆಯೇ? ನಾವಿಲ್ಲಿ ಸೌಖ್ಯ. ಬಿಸಿಲು ಇಳಿದಿದೆ, ನಿನ್ನ ಅತ್ತಿಗೆ ನಶೀದಾ ಈಗ ಸಂಜೆ ಮಕ್ಕಳನ್ನು ಹೊರಗೆ ಬಿಡುತ್ತಾಳೆ. ಫೋನಿನಲ್ಲಿ ಹೇಳೋಣವೆಂದರೆ ಉಮ್ಮ ನಿನ್ನ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಊರಿಗೆ ಹೊರಟ ಹಸನಬ್ಬರ ಕೈಯಲ್ಲಿ ಈ ಕಾಗದ.

ಬಾಪ ತೀರಿಕೊಂಡ ಮೇಲೆ ಉಮ್ಮ ನನ್ನಲ್ಲಿ ಕೇಳಿದ್ದು ಒಂದೇ: "ಅವರ ದನಿ ಎಲ್ಲಿಯಾದರೂ ಉಂಟಾ, ಮೋನೆ?" ಬಾಪನ ಸ್ವಭಾವ ನಿನಗೆ ಗೊತ್ತಲ್ಲ, ಕ್ಯಾಮರಾ ಕಂಡರೆ ಮುಖ ತಿರುಗಿಸುವವರು, ಫೋನಿಗೆ ಬಂದರೂ "ಸೌಖ್ಯವಾ" ಎಂದು ಉಮ್ಮನ ಕೈಗೆ ದಾಟಿಸುವವರು. ಉಳಿದದ್ದು ನಿನ್ನ ಮದುವೆಯ ವಿಡಿಯೋ ಮಾತ್ರ. ಮುಸ್ತಫಾನಿಂದ ತಲಾಖ್ ಆಗಿ ಇಲ್ಲಿಂದ ಹೊರಡುವ ಮೊದಲು ಆ ಫೋಲ್ಡರನ್ನು ನೀನು ಅಳಿಸಿದ್ದೆ. ನಿನ್ನ ಜಾಗದಲ್ಲಿದ್ದರೆ ನಾನೂ ಅಳಿಸುತ್ತಿದ್ದೆ. ವಿಡಿಯೋ ತೆಗೆದ ಸ್ಟುಡಿಯೋ ಮುಚ್ಚಿದೆ. ಮುಸ್ತಫಾನ ಮನೆಯವರ ಹತ್ತಿರ ಕೇಳಲು ಮನಸ್ಸಾಗಲಿಲ್ಲ.

ನೀನು ಬಿಟ್ಟುಹೋದ ಲ್ಯಾಪ್‌ಟಾಪ್ ನಮ್ಮ ಕಪಾಟಿನಲ್ಲೇ ಇತ್ತು. ಕೆಳಗಿನ ರಿಪೇರಿ ಅಂಗಡಿಗೆ ಒಯ್ದೆ. ಕಾಸರಗೋಡಿನ ನಿಝಾಮ್ ನೋಡಿದ. ರಿಸೈಕಲ್ ಬಿನ್ ಖಾಲಿ, ಬ್ಯಾಕಪ್ ಇಲ್ಲ. "ಅಳಿಸಿದ್ದು ಕೂಡಲೇ ಹೋಗುವುದಿಲ್ಲ ಇಕ್ಕಾ. ಆ ಜಾಗದಲ್ಲಿ ಬೇರೆ ಏನಾದರೂ ಕೂತರೆ ಖಲಾಸ್. ಇನ್ನು ಇದನ್ನು ಆನ್ ಮಾಡಬೇಡಿ" ಎಂದ. ಡಿಸ್ಕ್ ಹಳೇ ನಮೂನೆಯದು, ಆದ್ದರಿಂದ ಆಸೆ ಇದೆಯಂತೆ. ಮೊದಲು ಅದರ ನಕಲು ತೆಗೆದು ಸಾಫ್ಟ್‌ವೇರ್ ಹಾಕಿ ಹುಡುಕುವುದು, ಸಿಗದಿದ್ದರೆ ದುಬೈಯ ಲ್ಯಾಬಿಗೆ ಕಳಿಸುವುದು. ಆದರೆ ಬೇಕಾದ್ದನ್ನಷ್ಟೇ ಹೆಕ್ಕಲು ಬರುವುದಿಲ್ಲ. ಫೈಲುಗಳ ಹೆಸರೆಲ್ಲ ಹೋಗಿ ಬರೀ ನಂಬರು ಉಳಿದಿರುತ್ತದೆ, ಒಂದೊಂದನ್ನೇ ತೆರೆದು ನೋಡಬೇಕು.

ಸಾಫ್ಟ್‌ವೇರಿಗೆ ಸಿಕ್ಕಿದ್ದನ್ನು ಅವನ ಅಂಗಡಿಯ ಸ್ಟೂಲಿನಲ್ಲಿ ಕೂತು ನೋಡಿದೆ. ಕೆಲವು ತೆರೆಯಲೇ ಇಲ್ಲ, ಕೆಲವು ಅರ್ಧಕ್ಕೆ ಬೂದು ಬಣ್ಣಕ್ಕೆ ತಿರುಗಿದವು. ಮೆಹಂದಿ, ಬಿರಿಯಾನಿಯ ಪಾತ್ರೆ ಇಳಿಸುವವರು, ನೀನು ಯಾವುದಕ್ಕೋ ನಗುತ್ತಿರುವುದು. ಅಳು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ. ಯಾರದೋ ಮನೆಯ ಮದುವೆ ನೋಡಿದ ಹಾಗಿತ್ತು. ಆಮೇಲೆ ಎದುರಿನ ಹೋಟೆಲಿನಲ್ಲಿ ಪರೋಟ ತಿಂದೆ, ರುಚಿ ಹತ್ತಲಿಲ್ಲ. ಮರುದಿನ ಎಂದಿನಂತೆ ಡ್ಯೂಟಿಗೆ ಹೋದೆ.

ಉಮ್ಮನಿಗೆ ನನ್ನ ಸಲಾಂ ಹೇಳು. ನಿನ್ನ ಮುಂದಿನ ದಾರಿಯನ್ನು ಅಲ್ಲಾಹು ಹಗುರ ಮಾಡಲಿ.

ನಿನ್ನ ಅಣ್ಣ,
ಸರ್ಫರಾಝ್

ತಾ.ಕ.: ಬಾಪನ ದನಿ ಸಿಕ್ಕಿದೆ, ಒಂದೇ ಒಂದು ಕಡೆ. ನಿಕಾಹ್‌ನಲ್ಲಿ ಮುಸ್ತಫಾನ ಕೈ ಹಿಡಿದು, "ನನ್ನ ಮಗಳು ಶಹನಾಳನ್ನು ನಿನಗೆ ನಿಕಾಹ್ ಮಾಡಿಕೊಟ್ಟೆ" ಎನ್ನುತ್ತಾರೆ. ನಿನ್ನ ಹೆಸರು ಬಂದಾಗ ತಡೆದು, ಇನ್ನೊಮ್ಮೆ ಹೇಳುತ್ತಾರೆ. ಚಿತ್ರ ತೆಗೆದುಹಾಕಿ ದನಿ ಮಾತ್ರ ಇಡಬಹುದು ಎಂದ ನಿಝಾಮ್, ಆದರೆ ಮಾತು ಅದೇ ತಾನೇ. ಪೆನ್‌ಡ್ರೈವ್ ನನ್ನ ಹತ್ತಿರವೇ ಇದೆ. ನೀನು ಬೇಡ ಅಂದರೆ ಸಿಗಲಿಲ್ಲವೆಂದು ಉಮ್ಮನಿಗೆ ನಾನೇ ಹೇಳುತ್ತೇನೆ.